ದುಡ್ಡು ಕೇಳುವವರು ಲೆಕ್ಕ ಕೊಡಬೇಕಲ್ವಾ?

ಈ ಸೀಸನ್‌ಗೂ ಮಗಳ ಸ್ಕೀ ರೇಸಿನ ಎಂಟ್ರಿ ಫೀ ಏರಿದೆ. ರೇಸ್ ನಡೆಸುವವರ ಮೇಲ್‌ನಲ್ಲಿ ಕಾರಣ ಅಂತ ಇರುವುದು ಒಂದೇ ಸಾಲು: ಖರ್ಚು ಜಾಸ್ತಿಯಾಗಿದೆ, ಸಹಕರಿಸಿ. ಯಾವ ಖರ್ಚು? ಎಷ್ಟು ಜಾಸ್ತಿಯಾಗಿದೆ? ಯಾರ ಕೈಗೆ ಹೋಗುತ್ತದೆ? ಒಂದಕ್ಕೂ ಉತ್ತರ ಇಲ್ಲ. ಕೆಳಗೆ ದುಡ್ಡು ಕಟ್ಟುವ ಲಿಂಕ್ ಇದೆ. ಕಾರ್ಡ್‌ನಲ್ಲಿ ಕಟ್ಟಿದರೆ ಅದಕ್ಕೊಂದು ಸರ್‌ಚಾರ್ಜ್ ಬೇರೆ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಮಗಳು ಸ್ಕೀ ರೇಸ್ ಮಾಡುತ್ತಾಳೆ, ಯು-14, ಅಂದರೆ 14ರೊಳಗಿನವರ ಗುಂಪಿನಲ್ಲಿ. ಊರಿನವರಿಗೆ ಇದು ಏನು ಅಂತ ಗೊತ್ತಿರಲಿಕ್ಕಿಲ್ಲ, ಎರಡು ಮಾತು ಹೇಳುತ್ತೇನೆ. ಕಾಲಿಗೆ ಸ್ಕೀ ಅನ್ನುವ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಇದು. ಇಳಿಜಾರಿನ ಉದ್ದಕ್ಕೂ ಕಂಬಗಳ ಗೇಟ್‌ಗಳನ್ನು ನೆಟ್ಟಿರುತ್ತಾರೆ. ಅವುಗಳ ನಡುವೆ ತಿರುಗುತ್ತಾ ಯಾರು ಬೇಗ ಕೆಳಗೆ ಬರುತ್ತಾರೋ ಅವರು ಗೆದ್ದಂತೆ. ಗೇಟ್‌ಗಳು ಹತ್ತಿರ ಹತ್ತಿರ ಇದ್ದರೆ ಸ್ಲಾಲಮ್, ದೂರ ಇದ್ದರೆ ಜೈಂಟ್ ಸ್ಲಾಲಮ್. ದಿನಕ್ಕೆ ಎರಡು ರನ್. ಒಂದು ರನ್ ಅಂದರೆ ಹೆಚ್ಚುಕಡಿಮೆ ಒಂದು ನಿಮಿಷ. ಮೊದಲ ರನ್‌ನಲ್ಲೇ ಬಿದ್ದು ಮುಗಿಸಲಾಗದಿದ್ದರೆ ಸಾಮಾನ್ಯವಾಗಿ ಅವತ್ತಿನ ಫಲಿತಾಂಶ ಕೈಬಿಟ್ಟಂತೆ.

ಮಗಳು ಶುರು ಮಾಡಿದಾಗ ಒಂದು ದಿನದ ಎಂಟ್ರಿ 50 ಡಾಲರ್ ಒಳಗೇ ಇತ್ತು. ಈಗ 90 ಡಾಲರ್. ವಾರಾಂತ್ಯಕ್ಕೆ ಎರಡು ರೇಸ್ ಇದ್ದರೆ 180. ಇದು ಬರೀ ಸ್ಟಾರ್ಟ್ ಗೇಟಿನಲ್ಲಿ ನಿಲ್ಲುವುದಕ್ಕೆ. ಕ್ಲಬ್ಬಿನ ಸೀಸನ್ ಫೀ ಬೇರೆ. ರಾಷ್ಟ್ರೀಯ ಸಂಸ್ಥೆಯಾದ ಯುಎಸ್ ಸ್ಕೀ ಅಂಡ್ ಸ್ನೋಬೋರ್ಡ್‌ನ ಸದಸ್ಯತ್ವ ಬೇರೆ. ಕೋಚ್ ಜೊತೆಗೆ ಬಂದರೆ ಅವರ ಹೋಟೆಲ್, ಊಟ, ಪೆಟ್ರೋಲ್ ಖರ್ಚನ್ನೂ ನಮ್ಮ ನಮ್ಮಲ್ಲೇ ಹಂಚುತ್ತಾರೆ. ಎರಡು ಜೊತೆ ಸ್ಕೀ ಬೇಕು, ಸ್ಲಾಲಮ್‌ಗೆ ಒಂದು, ಜೈಂಟ್ ಸ್ಲಾಲಮ್‌ಗೆ ಒಂದು. ಬೂಟು, ರೇಸ್ ಸೂಟ್, ಹೆಲ್ಮೆಟ್, ಬೆನ್ನಿಗೆ ಪ್ರೊಟೆಕ್ಟರ್, ಮೊಣಕಾಲಿನ ಕೆಳಗೆ ಗಾರ್ಡ್. ಬೆಳೆಯುವ ಮಕ್ಕಳು, ಹೋದ ವರ್ಷದ್ದು ಈ ವರ್ಷ ಹಿಡಿಸಲ್ಲ. ಸಾಮಾನಿನ ಬಗ್ಗೆ ನನ್ನ ಗೊಣಗಾಟ ಇಲ್ಲ. ಚಳಿಗಾಲಕ್ಕೆ ಮೊದಲು ಊರೂರಲ್ಲಿ ಸ್ಕೀ ಸ್ವಾಪ್ ನಡೆಯುತ್ತದೆ, ಹಳೇದು ಕೊಟ್ಟು ಹಳೇದೇ ತರುತ್ತೇವೆ. ಅಲ್ಲಿ ಬೆಲೆ ಕಣ್ಣಿಗೆ ಕಾಣುತ್ತದೆ. ಬೇಕಾದರೆ ತಗೋಬಹುದು, ಇಲ್ಲದಿದ್ದರೆ ಬಿಡಬಹುದು.

ಎಂಟ್ರಿ ಫೀ ಹಾಗಲ್ಲ. ಕೊಟ್ಟರೆ ರೇಸ್, ಕೊಡದಿದ್ದರೆ ಮನೆ.

ಮಾಮೂಲಿ ಒಂದು ರೇಸಿಗೆ ನೂರು ಮಕ್ಕಳು ಬರುತ್ತಾರೆ ಅಂದುಕೊಳ್ಳಿ. ನಮ್ಮ ಕಡೆ ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಇರುತ್ತಾರೆ. ತಲೆಗೆ 90 ಡಾಲರ್ ಅಂದರೆ ಒಂದೇ ದಿನಕ್ಕೆ 9,000 ಡಾಲರ್. ಅಷ್ಟು ದುಡ್ಡಿನ ಕೆಲಸವನ್ನು ಮಾಡುವವರು ಯಾರು? ನಾವೇ. ಬೆಳಕು ಹರಿಯುವ ಮುಂಚೆ ಹೋಗಿ ಟ್ರ್ಯಾಕಿನ ಪಕ್ಕ ರಕ್ಷಣೆಯ ಬಲೆ ಕಟ್ಟುವವರು ಅಪ್ಪಂದಿರು. ಒಂದಷ್ಟು ಮಕ್ಕಳು ಇಳಿದ ಮೇಲೆ ಟ್ರ್ಯಾಕಿನಲ್ಲಿ ಬಿದ್ದ ಗುಂಡಿಗಳನ್ನು ಸರಿಮಾಡುತ್ತಾ ಇಳಿಯುವವರು ಪೋಷಕರು. ಸ್ಟಾಪ್‌ವಾಚ್ ಹಿಡಿದು ಬ್ಯಾಕಪ್ ಟೈಮ್ ಬರೆದುಕೊಳ್ಳುವವರು ಪೋಷಕರು. ನಾನು ಗೇಟ್ ಕೀಪರ್. ಕೈಯಲ್ಲಿ ಕಾರ್ಡು, ಪೆನ್ಸಿಲ್ಲು. ಮಗುವಿನ ಎರಡೂ ಸ್ಕೀ ತುದಿ, ಎರಡೂ ಪಾದ ಗೇಟಿನ ಗೆರೆ ದಾಟಿತಾ ಅಂತ ನೋಡಬೇಕು. ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಗಂಟೆಗಟ್ಟಲೆ ನಿಂತಲ್ಲೇ ನಿಂತಿರಬೇಕು. ಇದಕ್ಕೆ ಸಂಬಳ ಬೇಡ, ಖುಷಿಯಿಂದಲೇ ಮಾಡುತ್ತೇನೆ. ಆದರೆ ಮಾಡದಿದ್ದರೆ ದಂಡ ಇದೆ ಗೊತ್ತಾ? ಸೀಸನ್ ಶುರುವಿನಲ್ಲೇ ಕ್ಲಬ್ ನಮ್ಮಿಂದ ಡೆಪಾಸಿಟ್ ಚೆಕ್ ಇಸಿದುಕೊಳ್ಳುತ್ತದೆ. ಹೇಳಿದಷ್ಟು ದಿನ ಕೆಲಸ ಮಾಡದಿದ್ದರೆ ಆ ಚೆಕ್ ಬ್ಯಾಂಕಿಗೆ ಹೋಗುತ್ತದೆ. ನಮ್ಮ ಬಿಟ್ಟಿ ಕೆಲಸಕ್ಕೆ ಅಷ್ಟು ಕಟ್ಟುನಿಟ್ಟಿನ ಲೆಕ್ಕ ಇದೆ. ನಮ್ಮ ದುಡ್ಡಿಗೆ ಮಾತ್ರ ಇಲ್ಲ!

ಖರ್ಚೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಟೈಮಿಂಗ್ ಉಪಕರಣಕ್ಕೆ ದುಡ್ಡು ಬೇಕು. ರೇಸ್ ನಿಯಮದಂತೆ ನಡೆಯುತ್ತಿದೆಯಾ ಅಂತ ನೋಡುವ ಅಧಿಕಾರಿ, ಟೆಕ್ನಿಕಲ್ ಡೆಲಿಗೇಟ್, ದೂರದಿಂದ ಬಂದರೆ ಅವರ ಪ್ರಯಾಣ, ವಸತಿ ನೋಡಬೇಕು. ರೇಸ್ ನಡೆಯುವ ಟ್ರೇಲ್ ಅನ್ನು ಜನರಿಗೆ ಮುಚ್ಚಿದ್ದಕ್ಕೆ ರೆಸಾರ್ಟ್ ದುಡ್ಡು ಕೇಳುತ್ತದೆ. ಬಿಸಿಲು ಜಾಸ್ತಿಯಾಗಿ ಹಿಮ ಮೆತ್ತಗಾದರೆ ಉಪ್ಪು ಹಾಕಿ ಗಟ್ಟಿ ಮಾಡಬೇಕು. ವಿಮೆ, ಮೆಡಲ್, ಎದೆಗೆ ಹಾಕುವ ನಂಬರ್ ಬಿಬ್ ಎಲ್ಲಾ ಇದೆ. ತಲೆಗೆ ಇಷ್ಟು ಅಂತ ಮೇಲಿನ ಸಂಸ್ಥೆಗೆ ಹೋಗುವ ಪಾಲೂ ಇದೆ, ಅದನ್ನು ಹೆಡ್ ಟ್ಯಾಕ್ಸ್ ಅಂತಲೇ ಕರೆಯುತ್ತಾರೆ. ಸರಿ, ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸುವುದಕ್ಕೆ ಏನು ಕಷ್ಟ?

ನನಗೆ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟಿನ ಟಿಕೆಟ್. ಎಂಟ್ರಿ ಫೀಯಲ್ಲಿ ಅದೂ ಸೇರಿದೆ ಅಂತಾರೆ. ಮಗಳ ಹತ್ತಿರ ಅದೇ ಬೆಟ್ಟದ ಸೀಸನ್ ಪಾಸ್ ಇದೆ. ಒಂದೇ ಕುರ್ಚಿಯಲ್ಲಿ ಕೂತು ಮೇಲೆ ಹೋಗಲು ನಾವು ಎರಡು ಸಲ ಕಟ್ಟಬೇಕಾ? ಕಳೆಯಿರಿ ಅಂದರೆ ಸಿಸ್ಟಮ್‌ನಲ್ಲಿ ಆಗಲ್ಲ ಅಂದರು. ಮಳೆ ಬಂದು ರೇಸ್ ರದ್ದಾದಾಗ ಪ್ರೊಸೆಸಿಂಗ್ ಫೀ ಮುರಿದುಕೊಂಡು ಉಳಿದದ್ದನ್ನು ಕಳಿಸಿದರು. ಅದು ಮಾತ್ರ ಸಿಸ್ಟಮ್‌ನಲ್ಲಿ ಚೆನ್ನಾಗಿಯೇ ಆಯಿತು.

ಕಳೆದ ಸೀಸನ್ ಕೊನೆಯಲ್ಲಿ ರೇಸ್ ನಡೆಸಿದ ಕ್ಲಬ್ಬಿನ ಖಜಾಂಚಿಗೆ ಮೇಲ್ ಬರೆದೆ. ಮರ್ಯಾದೆಯಿಂದಲೇ ಬರೆದೆ. ಒಂದು ರೇಸಿನ ಜಮಾಖರ್ಚು ಸಿಗುತ್ತದಾ ಅಂತ ಅಷ್ಟೇ ಕೇಳಿದ್ದು. ನಾವು ಲಾಭಕ್ಕೆ ನಡೆಸುವವರಲ್ಲ, ನಮ್ಮ ಫೈಲಿಂಗ್ ಎಲ್ಲಾ ಸಾರ್ವಜನಿಕವಾಗಿಯೇ ಇದೆ, ನೋಡಿಕೊಳ್ಳಿ ಅಂತ ಉತ್ತರ ಬಂತು. ನೋಡಿದೆ.

ಇಲ್ಲಿ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿ ವರ್ಷ ಫಾರ್ಮ್ 990 ಸಲ್ಲಿಸಬೇಕು. ಯಾರೇ ಕೇಳಿದರೂ ಮೂರು ವರ್ಷದ ಪ್ರತಿ ಕೊಡಬೇಕು ಅಂತ ಕಾನೂನೇ ಇದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿರುವ ಸಂಸ್ಥೆ ಬರೀ ಒಂದು ಇ-ಪೋಸ್ಟ್‌ಕಾರ್ಡ್ ಕಳಿಸಿದರೆ ಸಾಕು. ಅದರಲ್ಲಿ ಹೆಸರು, ವಿಳಾಸ, ಆದಾಯ ಆ ಮಿತಿಯ ಒಳಗಿದೆ ಅನ್ನುವ ಮಾತು, ಅಷ್ಟೇ. ಜಮಾ ಇಲ್ಲ, ಖರ್ಚೂ ಇಲ್ಲ. ದೊಡ್ಡ ಸಂಸ್ಥೆಗಳು ಪೂರ್ತಿ ಫಾರ್ಮ್ ತುಂಬುತ್ತವೆ ನಿಜ. ದೊಡ್ಡ ಸಾಹೇಬರ ಸಂಬಳ ಎಷ್ಟು ಅಂತಲೂ ಅಲ್ಲಿ ಕಾಣುತ್ತದೆ. ಆದರೆ ನನ್ನ 90 ಡಾಲರ್ ಎಲ್ಲಿ ಹೋಯಿತು ಅನ್ನುವುದು ಅದರಲ್ಲೂ ಕಾಣುವುದಿಲ್ಲ. ಎಲ್ಲಾ ಕಾರ್ಯಕ್ರಮದ ಖರ್ಚು ಒಟ್ಟು ಮೊತ್ತವಾಗಿ ಇರುತ್ತದೆ. ಇನ್ನು ಬೆಟ್ಟ ನಡೆಸುವ ರೆಸಾರ್ಟ್ ಖಾಸಗಿ ಕಂಪನಿಯಾದರೆ ಅವರು ಯಾರಿಗೂ ಏನೂ ತೋರಿಸಬೇಕಿಲ್ಲ. ಕ್ಲಬ್, ರೆಸಾರ್ಟ್, ರಾಷ್ಟ್ರೀಯ ಸಂಸ್ಥೆ. ನಮ್ಮ ದುಡ್ಡು ಈ ಮೂವರ ಕೈ ದಾಟುತ್ತದೆ. ಕೇಳಿದರೆ ಪ್ರತಿಯೊಬ್ಬರೂ ಉಳಿದಿಬ್ಬರ ಕಡೆ ಬೆರಳು ತೋರಿಸುತ್ತಾರೆ.

ಇಲ್ಲಿನ ಕನ್ನಡ ಸಂಘಗಳೂ ಇದೇ ಕಾನೂನಿನ ಕೆಳಗೇ ನಡೆಯುವುದು. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಖಜಾಂಚಿ ಎದ್ದು ನಿಂತು ಹಾಲ್ ಬಾಡಿಗೆ ಎಷ್ಟು, ಯುಗಾದಿ ಊಟಕ್ಕೆ ಎಷ್ಟು, ಮೈಕಿಗೆ ಎಷ್ಟು ಅಂತ ಓದುತ್ತಾರೆ. ಹೋದ ವರ್ಷಕ್ಕಿಂತ ಊಟದ ಖರ್ಚು ಯಾಕೆ ಜಾಸ್ತಿ ಅಂತ ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಖಜಾಂಚಿ ಉತ್ತರ ಕೊಡುತ್ತಾರೆ. ಅವರೂ ಕೆಲಸದ ನಡುವೆ ಬಿಟ್ಟಿಯಾಗಿ ದುಡಿಯುವವರೇ. ಅವರಿಗೆ ಆಗುವುದು ಇವರಿಗೆ ಯಾಕೆ ಆಗಲ್ಲ?

ಇದನ್ನು ಇನ್ನೊಬ್ಬ ಪೋಷಕರ ಹತ್ತಿರ ಹೇಳಿಕೊಂಡರೆ, ಸ್ಕೀ ಅಂದರೇ ದುಡ್ಡಿನವರ ಆಟ, ಗೊತ್ತಿದ್ದೇ ಬಂದಿದ್ದಲ್ವಾ ಅಂದರು. ಆ ಮಾತು ಕೇಳಿ ಮೈ ಉರಿಯಿತು. ದುಡ್ಡಿನವರ ಆಟ ಅದಾಗದೆ ಇನ್ನೇನಾಗುತ್ತದೆ, ಹೀಗೆ ಕೇಳದೆ ಕಟ್ಟುತ್ತಾ ಹೋದರೆ?

ನಮ್ಮ ಪಕ್ಕದ ರಾಜ್ಯ ವರ್ಮಾಂಟ್‌ನಲ್ಲಿ ರಿಚ್‌ಮಂಡ್ ಅಂತ ಒಂದು ಸಣ್ಣ ಊರಿದೆ. 1961ರಲ್ಲಿ ಮಿಕ್ಕಿ ಕಾಕ್ರನ್ ಅನ್ನುವವರು ತಮ್ಮ ಮನೆ ಹಿಂದಿನ ಗುಡ್ಡದ ಮೇಲೆ ಹಗ್ಗದ ಲಿಫ್ಟ್ ಹಾಕಿ ಮಕ್ಕಳಿಗೆ ಸ್ಕೀ ಕಲಿಸಿದರು. ನಾಲ್ಕೂ ಮಕ್ಕಳು ಅಮೆರಿಕದ ತಂಡಕ್ಕೆ ಹೋದರು. ಬಾರ್ಬರಾ ಆನ್ 1972ರ ಸಪ್ಪೊರೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಚಿನ್ನ ಗೆದ್ದರು. ಅವರ ಮಗ ರಯಾನ್ 2022ರಲ್ಲಿ ಬೀಜಿಂಗ್‌ನಲ್ಲಿ ಸೂಪರ್-ಜಿ ಅನ್ನುವ ಇನ್ನೂ ವೇಗದ ರೇಸಿನಲ್ಲಿ ಬೆಳ್ಳಿ ಗೆದ್ದರು. ಆ ಗುಡ್ಡ ಈಗಲೂ ಲಾಭರಹಿತವಾಗಿಯೇ ನಡೆಯುತ್ತಿದೆ. ಅಂಥ ಗುಡ್ಡ ಇರುವ ಸೀಮೆಯಲ್ಲೇ ಕೂತು ಇದು ಶ್ರೀಮಂತರ ಆಟ ಅನ್ನುತ್ತಾರೆ.

ಮಗಳ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಇವಳಿಗಿಂತ ವೇಗ. ಸ್ಲಾಲಮ್‌ನಲ್ಲಿ ಅವಳ ಕಾಲು ನೋಡುವುದೇ ಒಂದು ಚಂದ. ತಾಯಿ ಒಬ್ಬರೇ ದುಡಿಯುವವರು, ಆಸ್ಪತ್ರೆಯಲ್ಲಿ ನರ್ಸ್. ಕಳೆದ ಸೀಸನ್ ಮಧ್ಯದಲ್ಲಿ ರೇಸ್‌ಗಳನ್ನು ಆರಿಸಿ ಆರಿಸಿ ಹೋಗತೊಡಗಿದಳು. ಈ ಸಲ ಬರುವುದೇ ಇಲ್ಲವಂತೆ, ಹೈಸ್ಕೂಲ್ ಸೇರಿದ ಮೇಲೆ ಶಾಲೆಯ ತಂಡದಲ್ಲಿ ಆಡುತ್ತಾಳಂತೆ. ಶಾಲೆಯ ರೇಸ್ ಕಡಿಮೆ ಖರ್ಚಿನದು, ಒಳ್ಳೆಯದೇ. ಆದರೆ ಮೇಲಕ್ಕೆ ಹೋಗುವ ದಾರಿ ಅಂತರರಾಷ್ಟ್ರೀಯ ಸ್ಕೀ ಸಂಸ್ಥೆಯಾದ ಎಫ್‌ಐಎಸ್‌ನ ರೇಸ್‌ಗಳದ್ದು. ಅಲ್ಲಿ ಪಾಯಿಂಟ್ ಇಲ್ಲದವರು ಕೊನೆಯಲ್ಲಿ ಇಳಿಯಬೇಕು, ಅಷ್ಟೊತ್ತಿಗೆ ಟ್ರ್ಯಾಕ್ ಗುಂಡಿಬಿದ್ದಿರುತ್ತದೆ. ಪಾಯಿಂಟ್ ಬೇಕಂದರೆ ಒಳ್ಳೊಳ್ಳೆ ರೇಸ್‌ಗಳಿಗೆ ಊರೂರು ಅಲೆಯಬೇಕು. ಅಲೆಯಲು ದುಡ್ಡು ಬೇಕು. ಆ ಹುಡುಗಿಯ ಹೆಸರು ಈಗ ಯಾವ ಪಟ್ಟಿಯಲ್ಲೂ ಇಲ್ಲ. ಅವಳನ್ನು ಯಾರೂ ಸೋಲಿಸಲಿಲ್ಲ.

ದುಡ್ಡಿಲ್ಲದೆ ಏನಾಗುತ್ತದೆ ಅಂತ ನಮ್ಮ ದೇಶದವರಿಗೆ ಹೇಳಿಕೊಡಬೇಕಾಗಿಲ್ಲ. ಕಾಶ್ಮೀರದ ಗುಲ್ಮಾರ್ಗ್‌ನ ಸ್ಕೀಯರ್ ಆರಿಫ್ ಖಾನ್ 2018ರ ಚಳಿಗಾಲದ ಒಲಿಂಪಿಕ್ಸ್ ತಪ್ಪಿಸಿಕೊಂಡಿದ್ದು ಹಣದ ಕೊರತೆಯಿಂದ. 2022ರ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದ ಕ್ರೀಡಾಪಟು ಅವರೊಬ್ಬರೇ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದಾಗ ನಮ್ಮ ಮನೆಯಲ್ಲಿ ಎಲ್ಲರೂ ಕುಣಿದಾಡಿದ್ದೆವು. ಹಿಮವೇ ಬೀಳದ ಕೊಡಗಿನಿಂದ ಬಂದ ಹೆಣ್ಣುಮಗಳು! ಇಲ್ಲಿ ಹಿಮ ಇದೆ, ಬೆಟ್ಟ ಇದೆ, ಕೋಚ್ ಇದ್ದಾರೆ. ಮಕ್ಕಳು ಬಾಗಿಲಲ್ಲೇ ವಾಪಸ್ ಹೋಗುತ್ತಿದ್ದಾರೆ.

ಮನಸ್ಸಿದ್ದರೆ ಖರ್ಚು ಇಳಿಸಬಹುದು. ಸ್ಕೀ ತಳಕ್ಕೆ ವೇಗ ಬರಲಿ ಅಂತ ಹಚ್ಚುವ ಫ್ಲೋರಿನ್ ಇರುವ ವ್ಯಾಕ್ಸ್ (ಮೇಣ) ಅಂತ ಇತ್ತು, ಸಣ್ಣ ಡಬ್ಬಿಗೆ ಕಣ್ಣು ಬಿಡುವಂಥ ಬೆಲೆ. ಪಕ್ಕದ ಮಗು ಹಾಕಿದರೆ ನಮ್ಮ ಮಗುವಿಗೂ ಬೇಕು. ಎಫ್‌ಐಎಸ್ 2023-24ರ ಸೀಸನ್‌ನಿಂದ ಅದನ್ನು ಪೂರ್ತಿ ನಿಷೇಧಿಸಿತು. ಪರಿಸರಕ್ಕೆ, ಆರೋಗ್ಯಕ್ಕೆ ಕೆಟ್ಟದ್ದು ಅಂತ ಮಾಡಿದ್ದು, ಜೊತೆಗೆ ನಮ್ಮ ಜೇಬೂ ಉಳಿಯಿತು. ನಾರ್ವೆಯಲ್ಲಿ ಮಕ್ಕಳ ಕ್ರೀಡೆಗೆ ಬೇರೆಯೇ ನಿಯಮಗಳಿವೆ. ತೀರಾ ಚಿಕ್ಕ ಮಕ್ಕಳಿಗೆ ರ‍್ಯಾಂಕಿಂಗ್ ಪಟ್ಟಿ ಹಾಕುವಂತಿಲ್ಲ, 13ಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಮಕ್ಕಳು ಮನೆ ಹತ್ತಿರದಲ್ಲೇ ಆಡಿಕೊಂಡು ಬೆಳೆಯುತ್ತಾರೆ. ಆಮೇಲೆ ಅವರೇ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಬಾಚುವುದು.

ಮುಂದಿನ ವಾರ ಕ್ಲಬ್ಬಿನ ಪೋಷಕರ ಸಭೆ ಇದೆ. ಈ ಸಲ ಮೇಲ್ ಅಲ್ಲ, ಎದ್ದು ನಿಂತು ಕೇಳುತ್ತೇನೆ. ಪ್ರತಿ ರೇಸ್ ಮುಗಿದ ಎರಡು ವಾರದೊಳಗೆ ಒಂದು ಹಾಳೆ ಹಾಕಿ. ಎಷ್ಟು ಮಕ್ಕಳು, ಎಷ್ಟು ಬಂತು, ರೆಸಾರ್ಟ್‌ಗೆ ಎಷ್ಟು, ಟೈಮಿಂಗ್‌ಗೆ ಎಷ್ಟು, ಹೆಡ್ ಟ್ಯಾಕ್ಸ್ ಎಷ್ಟು, ಉಳಿದದ್ದು ಎಷ್ಟು, ಅದು ಎಲ್ಲಿದೆ. ಪಾಸ್ ಇರುವ ಮಗುವಿಗೆ ಲಿಫ್ಟ್ ದುಡ್ಡು ಹಿಡಿಯಬೇಡಿ. ರದ್ದಾದರೆ ಪೂರ್ತಿ ವಾಪಸ್ ಕೊಡಿ. ಆ ಹಾಳೆ ನೋಡಿದ ಮೇಲೆ 90 ಡಾಲರ್ ನ್ಯಾಯ ಅನ್ನಿಸಿದರೆ 90 ಕೊಡುತ್ತೇನೆ, 95 ಆದರೂ ಕೊಡುತ್ತೇನೆ.

ಕೊಲೊರಾಡೊ, ಮಿನೆಸೋಟ, ಕೆನಡಾ, ಎಲ್ಲೇ ಇರಿ, ಮಕ್ಕಳನ್ನು ರೇಸಿಗೆ ಕರೆದುಕೊಂಡು ಹೋಗುವ ಕನ್ನಡದವರು ಇದ್ದೇ ಇರುತ್ತೀರಿ. ನಿಮ್ಮ ಕ್ಲಬ್ ರೇಸಿನ ಜಮಾಖರ್ಚು ಹಾಕುತ್ತದಾ? ಹಾಕಿದರೆ ಅದರ ಒಂದು ಪ್ರತಿ ಕಳಿಸಿಕೊಡಿ. ಆಗಲ್ಲ ಅನ್ನುವವರ ಮುಂದೆ ಇಡಬೇಕು.