ಶುಗರ್ ಇರುವವರ ಕಾಲಿನ ಹುಣ್ಣಿಗೆ ಜೇನು: ಪರೀಕ್ಷೆ ನಡೆಸಬೇಕೇ?

ಪರ

ಪರವಾಗಿ ಬರೆಯಿರಿ ಅಂದಿದ್ದಾರೆ, ಬರೆಯುತ್ತೇನೆ. ಗಾಯಕ್ಕೆ ಜೇನು ಹಚ್ಚುವುದು ಹೊಸದೇನಲ್ಲ. ಗಡಿಯಾಚೆಯ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಇದನ್ನು ಸುಟ್ಟ ಗಾಯದ 104 ರೋಗಿಗಳಲ್ಲಿ ಪರೀಕ್ಷಿಸಿದ್ದರು. ಅರ್ಧ ಜನರಿಗೆ ಜೇನು, ಇನ್ನರ್ಧ ಜನರಿಗೆ ಸುಟ್ಟ ಗಾಯಕ್ಕೆ ಮಾಮೂಲಿಯಾಗಿ ಹಚ್ಚುವ ಸಿಲ್ವರ್ ಸಲ್ಫಾಡೈಯಾಜಿನ್ ಮುಲಾಮು. ಫಲಿತಾಂಶ ಪ್ರಕಟವಾಗಿದ್ದು 1991ರಲ್ಲಿ. ಜೇನು ಹಚ್ಚಿದ ಗಾಯಗಳಲ್ಲಿ ಶೇ 91ರಷ್ಟು 7 ದಿನದೊಳಗೆ ರೋಗಾಣು ಇಲ್ಲದಂತಾಗಿದ್ದವು. ಮುಲಾಮಿನ ಕಡೆ ಬರೀ ಶೇ 7.

ಕಾರಣವೂ ಗೊತ್ತಿರುವಂಥದ್ದೇ. ಜೇನಿನಲ್ಲಿ ಸಕ್ಕರೆ ಜಾಸ್ತಿ, ನೀರು ಕಮ್ಮಿ. ರೋಗಾಣುವಿನ ಮೈಯ ನೀರನ್ನೇ ಹೀರುತ್ತದೆ. ಗಾಯದ ರಸ ಸೇರಿ ತೆಳುವಾದಾಗ ಜೇನಿನೊಳಗಿನ ಕಿಣ್ವ ಸ್ವಲ್ಪಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ.

ಸುಟ್ಟ ಗಾಯ ಬೇರೆ, ಶುಗರ್ ಕಾಲು ಬೇರೆ, ನಿಜ. ಅದಕ್ಕೇ ಅಲ್ವಾ ಪರೀಕ್ಷೆ ಬೇಕಿರುವುದು? ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಜೇನು ತರಲಿ, ಆಸ್ಪತ್ರೆಯಲ್ಲೇ ಹಚ್ಚಲಿ, ಮಾಮೂಲಿ ಡ್ರೆಸ್ಸಿಂಗ್ ಜೊತೆ ಹೋಲಿಸಲಿ. ಉಪಯೋಗ ಇಲ್ಲ ಅಂತಾದರೆ ಅದನ್ನೂ ಬರೆದು ಕೈಬಿಡಬಹುದು.

ವಿರೋಧ

ಜೇನು ಅಂದರೆ ನಮ್ಮವರಿಗೆ ಕೈಮುಗಿಯುವಷ್ಟು ನಂಬಿಕೆ. ಪರೀಕ್ಷೆ ನಡೆಯುತ್ತಿದೆ ಅಂತ ಪೇಪರಿನಲ್ಲಿ ಬಂದರೆ ಸಾಕು, ಮರುದಿನವೇ ಬಾಟಲಿ ಮುಚ್ಚಳ ತೆಗೆಯುತ್ತಾರೆ. ಗಾಮಾ ಕಿರಣವಂತೆ! ಶಿರಸಿ ಕಡೆಯ ಅಡುಗೆಮನೆಗೆ ಅದನ್ನು ಎಲ್ಲಿಂದ ತರುವುದು?

ನಮ್ಮ ದೊಡ್ಡಪ್ಪನಿಗೆ ಬಹಳ ವರ್ಷದಿಂದ ಶುಗರ್. ಪಾದಕ್ಕೆ ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಚಪ್ಪಲಿ ಕಚ್ಚಿ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು, ಒಡೆಯಿತು. ತುಡುವೆ ಜೇನು ಹಚ್ಚಿ, ಹಳೇ ಪಂಚೆ ಹರಿದು ಕಟ್ಟಿಕೊಂಡರು. ಒಂದು ಸಂಜೆ ನಾನು ಹೋದಾಗ ಜಗಲಿಯಲ್ಲಿ ಕಾಲು ಇಳಿಬಿಟ್ಟು ಪೇಪರ್ ಓದುತ್ತಿದ್ದರು. ಕೆಂಪಿರುವೆಯ ಸಾಲು ಹಿಮ್ಮಡಿ ಹತ್ತಿ ಬಟ್ಟೆಯೊಳಗೆ ನುಗ್ಗುತ್ತಿತ್ತು. "ದೊಡ್ಡಪ್ಪಾ, ಇರುವೆ!" ಅಂದೆ. "ಎಲ್ಲಿ?" ಅಂತ ಗೋಡೆ ಕಡೆ ನೋಡಿದರು. ಬಟ್ಟೆ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಬೆರಳು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆಯಬೇಕಾಯಿತು.

ಮೇಲೆ ಏನೇ ಹಚ್ಚಿ, ಹುಣ್ಣಿನ ಮೇಲೆ ಮೈಭಾರ ಬೀಳುತ್ತಲೇ ಇದ್ದರೆ, ಕಾಲಿಗೆ ರಕ್ತ ಹರಿಯದಿದ್ದರೆ ಅದು ಮಾಯುವುದಿಲ್ಲ. ಮಧುಮೇಹಿಗಳ ಪಾದದ ಬಗ್ಗೆ ಇರುವ ಅಂತಾರಾಷ್ಟ್ರೀಯ ತಜ್ಞರ ತಂಡ 2023ರ ಮಾರ್ಗಸೂಚಿಯಲ್ಲಿ ಹೇಳಿಬಿಟ್ಟಿದೆ: ಹುಣ್ಣು ಮಾಯಿಸಲು ಜೇನು ಬೇಡ, ಜೇನಿನ ಉತ್ಪನ್ನಗಳೂ ಬೇಡ. ಮತ್ತೆ ಸುಮ್ನೆ ಯಾಕೆ ಪರೀಕ್ಷೆ? ಆ ದುಡ್ಡಿಗೆ ತಾಲೂಕು ಆಸ್ಪತ್ರೆಯಲ್ಲೇ ಎಂ.ಸಿ.ಆರ್. ಚಪ್ಪಲಿ, ಅಂದರೆ ಪಾದದ ಮೇಲಿನ ಒತ್ತಡ ತಗ್ಗಿಸುವ ಮೆತ್ತನೆ ರಬ್ಬರಿನ ಚಪ್ಪಲಿ, ಕೊಡಲಿ. ದೊಡ್ಡಪ್ಪನಿಗೆ ಅದು ಸಿಕ್ಕಿದ್ದು ಬೆರಳು ಹೋದ ಮೇಲೆ, ಅದೂ ಹುಬ್ಬಳ್ಳಿಗೆ ಹೋಗಿ.