ಹಿಟ್ಲರನಿಗೂ ಎಂಟುನೂರು ವರ್ಷ ಮೊದಲು

ಯಹೂದಿ ದ್ವೇಷ ಅಂದರೆ ನಮ್ಮ ಕನ್ನಡದ ಜನಕ್ಕೆ ತಕ್ಷಣ ನೆನಪಾಗುವುದು ಹಿಟ್ಲರ್. ಅವನಿಂದ ಶುರುವಾಯಿತು, ಅವನ ಜೊತೆಗೇ ಮುಗಿಯಿತು ಎನ್ನುವ ಹಾಗೆ ಮಾತಾಡುತ್ತೇವೆ. ನಾನು ಇರುವುದು ಜರ್ಮನಿಯ ಮೈನ್ಸ್‌ನಲ್ಲಿ, ರೈನ್ ನದಿಯ ದಡದಲ್ಲಿ. ಇಲ್ಲಿಂದ ವರ್ಮ್ಸ್, ಸ್ಪೈಯರ್ ಎರಡೂ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಈ ಮೂರು ಊರುಗಳ ಹಳೆಯ ಕಥೆ ಓದಿದರೆ ಹಿಟ್ಲರ್ ಎಷ್ಟು ತಡವಾಗಿ ಬಂದವನು ಎಂದು ಗೊತ್ತಾಗುತ್ತದೆ. ಬಟ್ಟೆಯ ಮೇಲಿನ ಗುರುತು, ಬೇರೆ ಕೇರಿ, ಪುಸ್ತಕ ಸುಡುವುದು, ಮಕ್ಕಳನ್ನು ಕೊಲ್ಲುತ್ತಾರೆಂಬ ಸುಳ್ಳು, ಎಲ್ಲವನ್ನೂ ಮಧ್ಯಯುಗದ ಕ್ರೈಸ್ತ ಯುರೋಪು ಮೊದಲೇ ಮಾಡಿಟ್ಟಿತ್ತು.

ಇದನ್ನು ಕ್ರೈಸ್ತರ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ಇಲ್ಲಿ ಈ ಚರಿತ್ರೆಯನ್ನು ಕೆದಕಿ ಹೊರಗೆ ತೆಗೆದವರಲ್ಲಿ ಪಾದ್ರಿಗಳೂ ಇದ್ದಾರೆ.

1084ರಲ್ಲಿ ಸ್ಪೈಯರ್‌ನ ಬಿಷಪ್ ರೂಡಿಗರ್ ಯಹೂದಿಗಳನ್ನು ತಾನಾಗಿಯೇ ಕರೆದು ನೆಲೆ ಕೊಟ್ಟ. ಅವರು ಬಂದರೆ ನಮ್ಮ ಊರಿನ ಗೌರವ ಸಾವಿರ ಪಟ್ಟು ಹೆಚ್ಚುತ್ತದೆ ಎಂದು ಸನ್ನದಿನಲ್ಲಿ ಬರೆಸಿದ. ವ್ಯಾಪಾರದ ಹಕ್ಕು ಕೊಟ್ಟ, ಹೂಳಲು ನೆಲ ಕೊಟ್ಟ. ಪುಂಡರ ಕಾಟ ಬೇಡವೆಂದು ಅವರ ಕೇರಿಯ ಸುತ್ತ ಗೋಡೆಯನ್ನೂ ಕಟ್ಟಿಸಿದ. ವರ್ಮ್ಸ್‌ನಲ್ಲಿ ಅದಕ್ಕೂ ಮೊದಲೇ, 1034ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್, ಎದ್ದಿತ್ತು. ಅಂದರೆ ಅಕ್ಕಪಕ್ಕ ಬದುಕುವುದು ಆಗದ ಕೆಲಸವಾಗಿರಲಿಲ್ಲ. ತಲೆಮಾರುಗಟ್ಟಲೆ ಬದುಕಿದ್ದರು.

ಸ್ಪೈಯರ್‌ನ ಸನ್ನದು ಬಂದು ಹನ್ನೆರಡೇ ವರ್ಷ. 1095ರ ಕೊನೆಗೆ ಪೋಪ್ ಎರಡನೇ ಅರ್ಬನ್ ಜೆರುಸಲೇಮನ್ನು ಗೆಲ್ಲಲು ಕರೆ ಕೊಟ್ಟ. ಮರುವರ್ಷ ಮೇ ತಿಂಗಳಲ್ಲಿ ಧರ್ಮಯುದ್ಧಕ್ಕೆ ಹೊರಟ ಗುಂಪುಗಳು ರೈನ್ ದಡಕ್ಕೆ ಬಂದವು. ಕ್ರಿಸ್ತನ ವೈರಿಗಳನ್ನು ಹುಡುಕಿ ಅಷ್ಟು ದೂರ ಯಾಕೆ ಹೋಗಬೇಕು, ಅವನನ್ನು ಕೊಂದವರ ಮಕ್ಕಳು ಇಲ್ಲೇ ಇದ್ದಾರಲ್ಲ ಎಂಬ ಮಾತು ಹಬ್ಬಿತು. ಸ್ಪೈಯರ್‌ನಲ್ಲಿ ಹನ್ನೊಂದು ಜನ ಸತ್ತರು. ಅಲ್ಲಿಯ ಬಿಷಪ್ ಗಟ್ಟಿಯಾಗಿ ನಿಂತು ಉಳಿದವರನ್ನು ಕಾಪಾಡಿದ. ವರ್ಮ್ಸ್‌ನಲ್ಲಿ ಸುಮಾರು 800 ಜನ ಸತ್ತರು. ಮೈನ್ಸ್‌ನಲ್ಲಿ ಅದಕ್ಕಿಂತ ಜಾಸ್ತಿ. ಆರ್ಚ್‌ಬಿಷಪ್‌ನ ಅರಮನೆಯೊಳಗೆ ಆಸರೆ ಪಡೆದವರನ್ನೂ ಗುಂಪು ಬಿಡಲಿಲ್ಲ. ಬಲವಂತದ ದೀಕ್ಷಾಸ್ನಾನಕ್ಕಿಂತ ಸಾವೇ ಮೇಲು ಎಂದು ತಾಯಂದಿರು ತಮ್ಮ ಮಕ್ಕಳನ್ನು ಕೊಂದು ತಾವೂ ಸತ್ತ ಸಂಗತಿಯನ್ನು ಹೀಬ್ರೂ ದಾಖಲೆಗಳು ಬರೆದಿಟ್ಟಿವೆ. ನಾನು ತರಕಾರಿ ತರಲು ಹೋಗುವ ಸಂತೆ ಅದೇ ಆರ್ಚ್‌ಬಿಷಪ್‌ನ ಕ್ಯಾಥೆಡ್ರಲ್‌ನ ಅಂಗಳದಲ್ಲಿ ನಡೆಯುತ್ತದೆ.

ಅಷ್ಟು ದಿನ ಹಾಲು, ಹಿಟ್ಟು, ಸಾಲ ಕೊಟ್ಟು ತೆಗೆದುಕೊಂಡಿದ್ದ ನೆರೆಯವರಲ್ಲೂ ಕೆಲವರು ಊರ ಬಾಗಿಲು ತೆರೆದುಕೊಟ್ಟರು. ಹಾಗೆ ಆಗುವುದಕ್ಕೆ ತಯಾರಿ ಬೇಕು. ಆ ತಯಾರಿ ಎಲ್ಲಿ ನಡೆದಿತ್ತು? ಪ್ರಾರ್ಥನೆಯಲ್ಲಿ, ಹಬ್ಬದಲ್ಲಿ. ಯೇಸುವನ್ನು ಶಿಲುಬೆಗೆ ಹಾಕಿದ್ದು ರೋಮಿನ ಅಧಿಕಾರಿ. ಆದರೆ ಈಸ್ಟರ್‌ಗೆ ಮುಂಚಿನ ವಾರ ಬಂತೆಂದರೆ ಬೈಬಲಿನಿಂದ ಓದುತ್ತಿದ್ದದ್ದು, "ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ" ಎಂದು ಯಹೂದಿ ಗುಂಪು ಕೂಗಿದ ಸಾಲು. ವರ್ಷ ವರ್ಷವೂ ಕೇಳಿ ಕೇಳಿ, ಸಾವಿರ ವರ್ಷ ಹಿಂದಿನ ಸಾವಿಗೆ ಪಕ್ಕದ ಮನೆಯವನೇ ಹೊಣೆ ಎಂದು ಜನ ನಂಬಿದರು. ಈಸ್ಟರ್ ವಾರ ಬಂದರೆ ಯಹೂದಿಗಳು ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಚರ್ಚಿನ ಅಧಿಕೃತ ನಿಲುವು ಕೊಲ್ಲಿ ಎಂದು ಯಾವತ್ತೂ ಹೇಳಲಿಲ್ಲ, ಅದು ನಿಜ. ಸಂತ ಅಗಸ್ಟೀನನ ಕಾಲದಿಂದ ಬಂದ ಮಾತು ಬೇರೆ: ಯಹೂದಿಗಳನ್ನು ಕೊಲ್ಲಬೇಡಿ, ಅವರು ಚದುರಿ, ಕೆಳಗೆ ಬಿದ್ದು ಬದುಕಿರಲಿ, ಅವರ ಆ ಸ್ಥಿತಿಯೇ ನಮ್ಮ ಧರ್ಮ ನಿಜವೆನ್ನುವುದಕ್ಕೆ ಸಾಕ್ಷಿ. ಬದುಕಲು ಬಿಟ್ಟರು, ತಲೆ ಎತ್ತಿ ಬದುಕಲು ಬಿಡಲಿಲ್ಲ. 1215ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಕರೆದ ಮಹಾಸಭೆ ಇದನ್ನು ಕಾನೂನು ಮಾಡಿತು. ಯಹೂದಿಗಳು, ಮುಸ್ಲಿಮರು ಬೇರೆ ಥರದ ಬಟ್ಟೆ ಹಾಕಬೇಕು. ಸರ್ಕಾರಿ ಹುದ್ದೆ ಇಲ್ಲ. ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಬೀದಿಗೆ ಬರುವ ಹಾಗಿಲ್ಲ. ಫ್ರಾನ್ಸಿನಲ್ಲಿ ಹಳದಿ ಬಟ್ಟೆಯ ಬಿಲ್ಲೆ ಬಂತು, ಜರ್ಮನ್ ನಾಡಿನಲ್ಲಿ ಚೂಪು ಟೋಪಿ ಬಂತು. 1941ರ ಹಳದಿ ನಕ್ಷತ್ರಕ್ಕೆ ಮಾದರಿ ಹುಡುಕಲು ನಾಜಿಗಳು ಕಷ್ಟಪಡಬೇಕಾಗಿರಲಿಲ್ಲ. 1242ರಲ್ಲಿ ಪ್ಯಾರಿಸ್‌ನಲ್ಲಿ ಯಹೂದಿಗಳ ಧರ್ಮಗ್ರಂಥವಾದ ತಾಲ್ಮುದ್‌ನ ಪ್ರತಿಗಳನ್ನು ಗಾಡಿಗಟ್ಟಲೆ ಸುಟ್ಟರು. ಅವೆಲ್ಲ ಕೈಬರಹದ ಪ್ರತಿಗಳು.

ಬಡ್ಡಿಯ ವಿಷಯವೂ ಹೀಗೇ. ಬಡ್ಡಿಗೆ ಸಾಲ ಕೊಡುವ ಕ್ರೈಸ್ತನಿಗೆ ಕ್ರೈಸ್ತ ಶವಸಂಸ್ಕಾರ ಇಲ್ಲ ಎಂದು 1179ರ ಸಭೆ ಹೇಳಿತು. ಕಸುಬುದಾರರ ಸಂಘಗಳು ಕ್ರೈಸ್ತ ಸಂತರ ಹೆಸರಲ್ಲಿ ನಡೆಯುತ್ತಿದ್ದವು, ಯಹೂದಿಗೆ ಅಲ್ಲಿ ಜಾಗವಿಲ್ಲ. ಭೂಮಿ ಹಿಡಿಯುವುದೂ ಬಹಳ ಕಡೆ ಆಗದ ಮಾತು. ಉಳಿದ ದಾರಿಗಳಲ್ಲಿ ಸಾಲ ಕೊಡುವುದು ಒಂದು. ರಾಜರು ಆ ಲಾಭದಲ್ಲಿ ದೊಡ್ಡ ಪಾಲು ಕಿತ್ತುಕೊಳ್ಳುತ್ತಿದ್ದರು. ಜನರ ಸಿಟ್ಟು ಮಾತ್ರ ಯಹೂದಿಯ ಮೇಲೆ. 1190ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸುಮಾರು 150 ಯಹೂದಿಗಳು ಕೋಟೆಯ ಗೋಪುರದೊಳಗೆ ಸಿಕ್ಕಿ ಸತ್ತರು. ಗುಂಪಿನ ಮುಂದಾಳುಗಳು ಅಲ್ಲಿಂದ ನೇರವಾಗಿ ದೊಡ್ಡ ಚರ್ಚಿಗೆ ಹೋದರು. ಅಲ್ಲಿ ಕಾಪಾಡಲು ಇಟ್ಟಿದ್ದ ಸಾಲಪತ್ರಗಳನ್ನು ಸುಟ್ಟುಹಾಕಿದರು. ಅವುಗಳಲ್ಲಿ ಅವರದ್ದೇ ಸಾಲ ಇತ್ತು.

ನನಗೆ ಅತಿ ಹೆಚ್ಚು ನೋವು ಕೊಡುವುದು ರಕ್ತದ ಸುಳ್ಳು. 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಹತ್ತಿರದ ಕಾಡಿನಲ್ಲಿ ವಿಲಿಯಂ ಎಂಬ ಹುಡುಗನ ಹೆಣ ಸಿಕ್ಕಿತು. ಕೊಂದವರು ಯಾರೆಂದು ಗೊತ್ತಾಗಲೇ ಇಲ್ಲ. ಕೆಲವು ವರ್ಷದ ನಂತರ ಆ ಊರಿಗೆ ಬಂದ ಮಾನ್ಮತ್‌ನ ಥಾಮಸ್ ಎಂಬ ಸನ್ಯಾಸಿ ಒಂದು ಪುಸ್ತಕ ಬರೆದ. ಯೇಸುವಿಗೆ ಮಾಡಿದ ಹಾಗೆಯೇ ಯಹೂದಿಗಳು ಈ ಹುಡುಗನಿಗೂ ಮಾಡಿದರು ಎಂದು ಅದರಲ್ಲಿ ಹೇಳಿದ. ಹುಡುಗ ಸಂತನಾದ. ಯಾತ್ರಿಕರು ಬಂದರು, ಕಾಣಿಕೆ ಬಂತು. 1235ರ ಕ್ರಿಸ್‌ಮಸ್ ದಿನ ಜರ್ಮನಿಯ ಫುಲ್ಡಾದಲ್ಲಿ ಒಬ್ಬ ಗಿರಣಿಯವನ ಐದು ಮಕ್ಕಳು ಸತ್ತಾಗ ಕಥೆಗೆ ರಕ್ತವೂ ಸೇರಿತ್ತು: ಯಹೂದಿಗಳಿಗೆ ಕ್ರೈಸ್ತ ಮಕ್ಕಳ ರಕ್ತ ಬೇಕಂತೆ. 34 ಯಹೂದಿಗಳನ್ನು ಕೊಂದರು.

ಚಕ್ರವರ್ತಿ ಎರಡನೇ ಫ್ರೆಡರಿಕ್ ವಿಚಾರಣೆ ಮಾಡಿಸಿದ. ಯಹೂದಿ ಧರ್ಮ ಬಿಟ್ಟು ಕ್ರೈಸ್ತರಾದವರನ್ನೇ ಬೇರೆ ಬೇರೆ ದೇಶಗಳಿಂದ ಕರೆಸಿ ಕೇಳಿದ. ಪ್ರಾಣಿಯ ರಕ್ತವನ್ನೂ ಮುಟ್ಟಬಾರದೆನ್ನುವ ಧರ್ಮ ಅದು, ಈ ಆಪಾದನೆ ಪೂರ್ತಿ ಸುಳ್ಳು ಎಂದು 1236ರಲ್ಲಿ ತೀರ್ಪು ಬಂತು. 1247ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಕೂಡ ಅದನ್ನೇ ಬರೆದ. ಏನೂ ಪ್ರಯೋಜನವಾಗಲಿಲ್ಲ. 1255ರಲ್ಲಿ ಲಿಂಕನ್ ಊರಿನ ಹ್ಯೂ ಎಂಬ ಹುಡುಗನ ಸಾವಿಗೆ ಇಂಗ್ಲೆಂಡಿನ ರಾಜ 19 ಯಹೂದಿಗಳನ್ನು ಗಲ್ಲಿಗೇರಿಸಿದ. ಪೋಪ್ ಸುಳ್ಳೆಂದು ಹೇಳಿದ ಮೇಲೂ ಜನ ಯಾಕೆ ನಂಬಿದರು? ದೇವರನ್ನೇ ಕೊಂದವರು ಇವರು ಎಂದು ಅದೇ ಚರ್ಚು ಪ್ರತಿ ವರ್ಷ ಕಲಿಸುತ್ತಿತ್ತಲ್ಲ! ಒಲೆಗೆ ಸೌದೆ ತುಂಬುತ್ತಾ ಹೊಗೆ ಬೇಡ ಎಂದರೆ ಆಗುತ್ತದೆಯೇ?

ಪ್ಲೇಗ್ ಮಹಾಮಾರಿ ಬಂದಾಗಲೂ ಅದೇ ನಡೆಯಿತು. ಬಾವಿಗೆ ವಿಷ ಹಾಕಿದ್ದಾರೆ ಎಂದರು. ಯಹೂದಿಗಳೂ ಅದೇ ಕಾಯಿಲೆಯಿಂದ ಸಾಯುತ್ತಿದ್ದಾರೆ ಎಂದು ಪೋಪ್ ಆರನೇ ಕ್ಲೆಮೆಂಟ್ 1348ರಲ್ಲಿ ಹೇಳಿದ್ದನ್ನು ಯಾರೂ ಕೇಳಲಿಲ್ಲ. ಸ್ಟ್ರಾಸ್‌ಬರ್ಗ್‌ನಲ್ಲಿ ರೋಗ ಊರಿಗೆ ಕಾಲಿಡುವ ಮೊದಲೇ, 1349ರ ಫೆಬ್ರವರಿ 14ರಂದು, ಯಹೂದಿಗಳನ್ನು ಸುಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂರೆಂಬರ್ಗ್‌ನ ಯಹೂದಿ ಕೇರಿಯನ್ನು ಕೆಡವಿದರು. ಸಿನಗಾಗ್ ಇದ್ದ ಜಾಗದಲ್ಲಿ ಮಾತೆ ಮೇರಿಯ ಚರ್ಚು ಎದ್ದಿತು, ಕೇರಿ ಇದ್ದ ಜಾಗ ಮಾರುಕಟ್ಟೆಯಾಯಿತು. ಜಗತ್ತಿನಲ್ಲೇ ಹೆಸರಾದ ಕ್ರಿಸ್‌ಮಸ್ ಸಂತೆ ನಡೆಯುವುದು ಅಲ್ಲೇ. ನಮ್ಮ ಬೆಂಗಳೂರಿನ ಹುಡುಗರು ಡಿಸೆಂಬರ್‌ನಲ್ಲಿ ಗುಂಪುಗಟ್ಟಿ ಅಲ್ಲಿಗೆ ಹೋಗುತ್ತಾರೆ, ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಹೋಗಲಿ, ಚೆಂದದ ಸಂತೆ ಅದು. ನಿಂತ ನೆಲದ ಕಥೆ ಗೊತ್ತಿದ್ದರೆ ಒಳ್ಳೆಯದು ಎನ್ನುವುದಷ್ಟೇ ನನ್ನ ಆಸೆ.

ನಾರ್ವಿಚ್‌ನಲ್ಲಿ ಆ ಸುಳ್ಳು ಹುಟ್ಟಿದ ಕಾಲದಲ್ಲೇ ನಮ್ಮ ಮಂಗಳೂರಿನಲ್ಲಿ ಒಬ್ಬ ಯಹೂದಿ ವ್ಯಾಪಾರಿ ನೆಮ್ಮದಿಯಾಗಿ ಬದುಕುತ್ತಿದ್ದ. ಹೆಸರು ಅಬ್ರಹಾಂ ಬೆನ್ ಯಿಜು, ಟುನೀಸಿಯಾ ಕಡೆಯವನು. 1132ರಿಂದ 1149ರವರೆಗೆ ನಮ್ಮ ಕರಾವಳಿಯಲ್ಲಿದ್ದ. ಮೆಣಸು, ಅಡಿಕೆ ಸಾಗಿಸಿದ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸಿದ. ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇಂದಿಗೂ ಇದೆ; ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದ ಕಾಗದಗಳಲ್ಲಿ ಈ ಸಂಸಾರದ ಸುದ್ದಿ ಸಿಗುತ್ತದೆ. ಧರ್ಮದ ಕಾರಣಕ್ಕೆ ಮಂಗಳೂರಿನಲ್ಲಿ ಅವನಿಗೆ ತೊಂದರೆಯಾಯಿತು ಎಂಬ ಮಾತು ಅವುಗಳಲ್ಲಿಲ್ಲ.

ಈ ಕಥೆಯನ್ನು ಇಲ್ಲಿನ ಕನ್ನಡ ಗೆಳೆಯರಿಗೆ ಹೇಳಿದಾಗ ಎಲ್ಲರಿಗೂ ಹೆಮ್ಮೆಯಾಗುತ್ತದೆ. ನನಗೂ ಆಗುತ್ತದೆ. ಆದರೆ ಆ ಹೆಮ್ಮೆಯನ್ನು ನಮ್ಮ ಒಳ್ಳೆಯತನದ ಲೆಕ್ಕಕ್ಕೆ ಬರೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಹೂದಿಯನ್ನು ದ್ವೇಷಿಸು ಎಂದು ನಮಗೆ ಯಾರೂ ಕಲಿಸಲಿಲ್ಲ, ಅದಕ್ಕೇ ದ್ವೇಷಿಸಲಿಲ್ಲ. ಕಲಿಸಿದ ಕಡೆ ನಾವೂ ಚೆನ್ನಾಗಿಯೇ ಕಲಿತಿದ್ದೇವೆ. ಊರ ಹೊರಗಿನ ಕೇರಿ, ಮುಟ್ಟಬಾರದ ಬಾವಿ, ಹೊಸ್ತಿಲು ದಾಟಬಾರದ ಗುಡಿ, ಇವೆಲ್ಲ ದೇವರ ಹೆಸರಲ್ಲಿ ನಡೆದಿಲ್ವಾ? ಎರಡೂ ಒಂದೇ ಎಂದು ಹೇಳುವುದಿಲ್ಲ. ಕಾರಣ ಬೇರೆ, ನಡೆದ ರೀತಿ ಬೇರೆ. ಆದರೆ ನೆರೆಯವನ ಮುಖ ಕಾಣದ ಹಾಗೆ ಧರ್ಮವೇ ಕಣ್ಣು ಕಟ್ಟಬಹುದು ಎನ್ನುವುದು ನಮಗೆ ತಿಳಿಯದ ವಿಷಯವೇನಲ್ಲ.

ಮುಂದೆ ಯುರೋಪಿನ ಈ ರೋಗ ನಮ್ಮ ಕರಾವಳಿಗೂ ಹಡಗಿನಲ್ಲಿ ಬಂತು. ಸ್ಪೇನಿನ ಟೊಲೆಡೊದಲ್ಲಿ 1449ರಲ್ಲೇ ಒಂದು ನಿಯಮ ಮಾಡಿದ್ದರು: ಕ್ರೈಸ್ತನಾದರೂ ಯಹೂದಿ ಮೂಲದವನಿಗೆ ಹುದ್ದೆ ಇಲ್ಲ. ಪಾಪ ನಂಬಿಕೆಯಲ್ಲಿಲ್ಲ, ರಕ್ತದಲ್ಲೇ ಇದೆ ಎನ್ನುವ ಮಾತು ಅಲ್ಲಿಗೇ ಬಂದಿತ್ತು. 1560ರಲ್ಲಿ ಪೋರ್ಚುಗೀಸರು ಗೋವಾದಲ್ಲಿ ಧರ್ಮದ್ರೋಹ ವಿಚಾರಿಸುವ ನ್ಯಾಯಾಲಯವಾದ ಇನ್‌ಕ್ವಿಸಿಷನ್ ತೆರೆದಾಗ ಮೊದಲ ಗುರಿಗಳಲ್ಲಿ ಇಂಥ 'ಹೊಸ ಕ್ರೈಸ್ತರು' ಇದ್ದರು. ನಮ್ಮ ಗಿಡಮೂಲಿಕೆಗಳ ಬಗ್ಗೆ ಗೋವಾದಲ್ಲೇ ಪುಸ್ತಕ ಅಚ್ಚು ಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ಟಾ ಆ ಮೂಲದವನು. ಅವನು ಸತ್ತ ಮರುವರ್ಷ ತಂಗಿ ಕಟರೀನಾಳನ್ನು ಸುಟ್ಟರು. 1580ರಲ್ಲಿ ಅವನ ಮೂಳೆಗಳನ್ನೇ ಗೋರಿಯಿಂದ ತೆಗೆದು ಸುಟ್ಟರು. ಆಮೇಲೆ ಅದೇ ನ್ಯಾಯಾಲಯದ ಕೈ ಗೋವಾದ ಹಿಂದೂಗಳ ಮೇಲೂ ಕೊಂಕಣಿ ಕ್ರೈಸ್ತರ ಮೇಲೂ ಬಿತ್ತು. ಅಲ್ಲಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಮನೆತನಗಳು ಇಂದಿಗೂ ನಮ್ಮ ಕರಾವಳಿಯಲ್ಲಿವೆ.

ಇನ್ನೊಂದು ದಾರಿಯಲ್ಲೂ ಬಂತು, ಇಂಗ್ಲಿಷ್ ಪಾಠದ ಜೊತೆ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1290ರಲ್ಲಿ ಎಲ್ಲ ಯಹೂದಿಗಳನ್ನೂ ದೇಶದಿಂದ ಓಡಿಸಿದ. ಮುನ್ನೂರು ವರ್ಷದ ಮೇಲೆ ಷೇಕ್ಸ್‌ಪಿಯರ್ ತನ್ನ ನಾಟಕದಲ್ಲಿ ಬಡ್ಡಿಗೆ ಸಾಲ ಕೊಡುವ ಯಹೂದಿ ಶೈಲಾಕ್‌ನನ್ನು ರಂಗಕ್ಕೆ ತಂದಾಗ ನೋಡಲು ಕೂತವರಲ್ಲಿ ಹೆಚ್ಚಿನವರು ಒಬ್ಬ ಯಹೂದಿಯ ಜೊತೆಗೂ ಮಾತಾಡಿದವರಲ್ಲ. ಜನ ಹೋದರೂ ಕಥೆ ಉಳಿದಿತ್ತು. ನಾವು ಅದನ್ನು ಕಾಲೇಜಿನಲ್ಲಿ ಓದಿದೆವು. ಮೀಟರ್ ಬಡ್ಡಿಯವನಿಗೆ ಶೈಲಾಕ್ ಎಂದು ಪತ್ರಿಕೆಗಳೂ ಬರೆಯುತ್ತವೆ. ಕನ್ನಡ ಕೂಟದ ಊಟದ ಹೊತ್ತಿನಲ್ಲಿ ಯಾರೋ ಮೆಚ್ಚುಗೆಯಿಂದಲೇ ಹೇಳುತ್ತಾರೆ, ಯಹೂದಿಗಳು ದುಡ್ಡಿನ ವಿಷಯದಲ್ಲಿ ಬಹಳ ಜಾಣರು, ಜಗತ್ತೇ ಅವರ ಕೈಲಿದೆ ಎಂದು. ಸುಮ್ನೆ ಹೊಗಳಿಕೆಯ ಮಾತು ಅಂದುಕೊಂಡಿರುತ್ತಾರೆ. ಬೇರೆ ಕಸುಬು ಮಾಡಲು ಬಿಡದೆ ಬಡ್ಡಿಗೆ ತಳ್ಳಿದ ಕಾಲದ ಬೈಗುಳವೇ ಅದು. ಕಟ್ಟುನಿಟ್ಟಿನ ಮೇಷ್ಟ್ರಿಗೆ ಹಿಟ್ಲರ್ ಎಂದು ಅಡ್ಡಹೆಸರಿಡುವುದನ್ನು ಇಲ್ಲಿ ಹೇಳಿದರೆ ಜರ್ಮನ್ ಸಹೋದ್ಯೋಗಿಗಳು ಮಾತು ನಿಲ್ಲಿಸಿ ಮುಖ ನೋಡುತ್ತಾರೆ. ಅವರು ಸರಿ. ನಮ್ಮ ಮಕ್ಕಳಿಗೆ ಆ ಹೆಸರನ್ನು ಹಾಗೆ ಬಳಸಬೇಡಿ ಎಂದು ನಾವೂ ಹೇಳಬೇಕು.

ಯುರೋಪು ಇದನ್ನು ಒಪ್ಪಿಕೊಂಡ ಬಗೆ ನಿಧಾನದ್ದು. ಲಿಂಕನ್ ಕ್ಯಾಥೆಡ್ರಲ್‌ನಲ್ಲಿ ಹ್ಯೂನ ಗೋರಿಯ ಪಕ್ಕ, ಈ ಕಥೆ ಸುಳ್ಳು, ಇದರಿಂದ ನಿರಪರಾಧಿಗಳು ಸತ್ತರು ಎಂಬ ಫಲಕ ಬಂದದ್ದು 1955ರಲ್ಲಿ. ಯೇಸುವಿನ ಸಾವಿಗೆ ಅಂದಿನ ಎಲ್ಲ ಯಹೂದಿಗಳಾಗಲಿ ಇಂದಿನವರಾಗಲಿ ಹೊಣೆಯಲ್ಲ ಎಂದು ಕ್ಯಾಥೊಲಿಕ್ ಚರ್ಚು ಹೇಳಿದ್ದು 1965ರಲ್ಲಿ. ಬವೇರಿಯಾದ ಡೆಗೆನ್‌ಡಾರ್ಫ್‌ನಲ್ಲಿ 1338ರಲ್ಲಿ ಯಹೂದಿಗಳನ್ನು ಕೊಂದರು, ಆಮೇಲೆ ಅವರು ಕ್ರಿಸ್ತನ ದೇಹವೆಂದು ಕ್ರೈಸ್ತರು ನಂಬುವ ಪರಮಪ್ರಸಾದದ ರೊಟ್ಟಿಯನ್ನು ಹಿಂಸಿಸಿದರು ಎಂಬ ಕಥೆ ಕಟ್ಟಿದರು. ಆ ಕಥೆಯ ಮೇಲೆ ನಡೆದ ಯಾತ್ರೆ ನಿಂತದ್ದು 1992ರಲ್ಲಿ! ನಮ್ಮ ಕಾಲದಲ್ಲಿ.

ವಿಟೆನ್‌ಬರ್ಗ್‌ನ ಚರ್ಚಿನ ವಿಷಯದಲ್ಲಿ ನನಗೆ ಇಲ್ಲಿನವರ ಜೊತೆ ಒಪ್ಪಿಗೆಯಿಲ್ಲ. ಪ್ರಾಟೆಸ್ಟಂಟ್ ಪಂಥ ಶುರುಮಾಡಿದ ಮಾರ್ಟಿನ್ ಲೂಥರ್ ಉಪದೇಶ ಮಾಡಿದ ಚರ್ಚು ಅದು. ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿ ಎಂದು 1543ರಲ್ಲಿ ಬರೆದವನೂ ಅವನೇ. ಅದರ ಹೊರಗೋಡೆಯ ಮೇಲೆ ಸುಮಾರು 1290ರಲ್ಲಿ ಕೆತ್ತಿದ ಕಲ್ಲು ಇದೆ: ಯಹೂದಿಗಳು ಹಂದಿಯ ಮೊಲೆ ಚೀಪುತ್ತಿರುವ ಹೊಲಸು ಚಿತ್ರ. 1988ರಲ್ಲಿ ಕೆಳಗೆ ನೆಲದಲ್ಲಿ ಒಂದು ಸ್ಮಾರಕ ಫಲಕ ಹಾಕಿದರು. ಫಲಕವಿದೆ, ವಿವರಣೆಯಿದೆ, ಆದ್ದರಿಂದ ತೆಗೆಯಬೇಕಾಗಿಲ್ಲ ಎಂದು 2022ರಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ ಹೇಳಿತು. ಚರಿತ್ರೆಯನ್ನು ಅಳಿಸಬಾರದು ಎಂಬ ಅವರ ವಾದ ನನಗೆ ಅರ್ಥವಾಗುತ್ತದೆ, ಅದರ ಮೇಲೆ ಗೌರವವೂ ಇದೆ. ಆದರೆ ಆ ಗೋಡೆ ಇನ್ನೂ ಪ್ರಾರ್ಥನೆ ನಡೆಯುವ ಮನೆಯ ಗೋಡೆ. ಒಬ್ಬ ಯಹೂದಿ ಆ ಬೀದಿಯಲ್ಲಿ ನಡೆದು ಹೋಗುವಾಗ ಕಲ್ಲು ಮೇಲಿನಿಂದ ಅವನನ್ನು ಬೈಯುತ್ತದೆ, ಕ್ಷಮೆ ಮಾತ್ರ ಕಾಲ ಕೆಳಗೆ ಇದೆ. ಅದನ್ನು ಇಳಿಸಿ ವಸ್ತುಸಂಗ್ರಹಾಲಯದೊಳಗೆ ಇಡಬೇಕು. ನೋಡಬೇಕಾದವರು ಅಲ್ಲಿಗೆ ಹೋಗಿ ನೋಡಲಿ, ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ ಕಥೆಯನ್ನು ಪೂರ್ತಿಯಾಗಿ ಹೇಳಲಿ.