80 ದಾಟಿದ ಮಾಜಿ ಸೈನಿಕರು ಬ್ಯಾಂಕಿಗೆ ಹೋಗಲೇಬೇಕೆಂದಿಲ್ಲ

‘80 ತುಂಬಿದ ಮಾಜಿ ಸೈನಿಕರು ಬ್ಯಾಂಕಿಗೆ ಖುದ್ದಾಗಿ ಹಾಜರಾಗದಿದ್ದರೆ ಪಿಂಚಣಿ ಬಂದ್’ ಎಂಬ ಸಂದೇಶ ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಜೀವಂತ ಪ್ರಮಾಣಪತ್ರ ಕೊಡಲೇಬೇಕು, ನಿಜ. ಆದರೆ ಅದನ್ನು ಮನೆಯಲ್ಲೇ ಕೊಡಬಹುದು.

ಮಗನದೋ ಮೊಮ್ಮಗಳದೋ ಫೋನಿಗೆ ‘ಜೀವನ್ ಪ್ರಮಾಣ್’ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಎರಡೂ ಆ್ಯಪ್‌ಗಳನ್ನು ಹಾಕಿಕೊಳ್ಳಿ. ಮೊದಲು ಫೋನ್ ಹಿಡಿದವರ ಮುಖದ ದೃಢೀಕರಣ, ಆಮೇಲೆ ಹಿರಿಯರದು. ಬೆಳಕು ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಮಾಡಿ ಕೂರಿಸಿದರೆ ಮುಖ ಕಪ್ಪಾಗಿ ಆ್ಯಪ್ ಗುರುತಿಸುವುದಿಲ್ಲ. ಕನ್ನಡಕ ತೆಗೆದು, ನಿಧಾನವಾಗಿ ಕಣ್ಣು ಮಿಟುಕಿಸಲು ಹೇಳಿ. ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ: ಪಿಂಚಣಿ ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಾದ ‘ಸ್ಪರ್ಶ್’ಗೆ ವರ್ಗವಾಗಿದ್ದರೂ ವಿತರಣಾ ಸಂಸ್ಥೆಯ ಜಾಗದಲ್ಲಿ ಹಳೆಯ ಬ್ಯಾಂಕನ್ನೇ ಆರಿಸುತ್ತಾರೆ. ಅಲ್ಲಿ ‘ಸ್ಪರ್ಶ್’ ಎಂದೇ ಆರಿಸಿ, 12 ಅಂಕಿಯ ಹೊಸ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಹಾಕಿ.

ಇನ್ನು, 80ಕ್ಕೆ ಮೂಲ ಪಿಂಚಣಿಯ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40 ಹೆಚ್ಚುವರಿ ಸಿಗುತ್ತದೆ. ದಾಖಲೆಯಲ್ಲಿ ಜನ್ಮದಿನಾಂಕ ಸರಿಯಿದ್ದರೆ ಬೇರೆ ಅರ್ಜಿ ಬೇಕಿಲ್ಲ. ಪತ್ನಿಯ ಹೆಸರು, ಜನ್ಮದಿನಾಂಕವನ್ನು ಹಿರಿಯರು ಇರುವಾಗಲೇ ಆಧಾರ್ ಜೊತೆ ತಾಳೆ ನೋಡಿ. ಅವರ ನಂತರ ಪತ್ನಿಗೆ ಬರುವ ಕುಟುಂಬ ಪಿಂಚಣಿಯಲ್ಲಿ ಈ ಹೆಚ್ಚಳಕ್ಕೆ ಎಣಿಕೆಯಾಗುವುದು ಆಕೆಯ ವಯಸ್ಸು.